ಖಾಲಿ ತೊಟ್ಟಿಯ ಲೆಕ್ಕ

ನ್ಯೂಯಾರ್ಕಿನ ದಕ್ಷಿಣ ತುದಿಯಲ್ಲಿ, ಬಂದರಿಗೆ ಮುಖಮಾಡಿ ನಿಂತಿರುವ ದುಂಡನೆಯ ಕಲ್ಲಿನ ಕೋಟೆಯೊಂದಿದೆ. ಕಟ್ಟಿದ್ದು 1812ರ ಯುದ್ಧಕ್ಕೆ ಸ್ವಲ್ಪ ಮುಂಚೆ, ಫಿರಂಗಿ ಇಡುವುದಕ್ಕೆ. ಆ ಫಿರಂಗಿಗಳಿಗೆ ಯುದ್ಧದಲ್ಲಿ ಕೆಲಸವೇ ಬೀಳಲಿಲ್ಲ. ಕೋಟೆ ಮುಂದೆ ಕ್ಯಾಸಲ್ ಗಾರ್ಡನ್ ಎಂಬ ಹೆಸರಿನಲ್ಲಿ ಸಂಗೀತ ಕಚೇರಿಗಳ ಸಭಾಂಗಣವಾಯಿತು. 1855ರಿಂದ 1890ರವರೆಗೆ ಅದು ವಲಸಿಗರು ಅಮೆರಿಕದ ನೆಲಕ್ಕೆ ಕಾಲಿಡುವ ಬಾಗಿಲಾಗಿತ್ತು. ಹಡಗುಗಳು ಮೊದಲು ಬಂದರಿನ ಕ್ವಾರಂಟೈನ್ ಠಾಣೆಯ ಹತ್ತಿರ ನಿಲ್ಲಬೇಕು, ಕಾಯಿಲೆಯವರನ್ನು ಬೇರೆ ಮಾಡಬೇಕು, ಉಳಿದವರು ಈ ಕಟ್ಟಡಕ್ಕೆ ಬಂದು ಹೆಸರು ಬರೆಸಬೇಕು. ಎಂಬತ್ತು ಲಕ್ಷ ಜನ ಹೀಗೆ ಹಾದುಹೋದರು ಎನ್ನುತ್ತಾರೆ. 1890ರ ನಂತರ ಕಟ್ಟಡಕ್ಕೆ ಆ ಕೆಲಸವಿಲ್ಲದಂತಾಯಿತು. 1896ರಲ್ಲಿ ಅದರೊಳಗೆ ಗಾಜಿನ ತೊಟ್ಟಿಗಳನ್ನು ಜೋಡಿಸಿ ನ್ಯೂಯಾರ್ಕ್ ಅಕ್ವೇರಿಯಂ ಎಂದು ಹೆಸರಿಟ್ಟರು. ಮನುಷ್ಯರ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಮೀನುಗಳು ಬಂದು ಇಳಿಯತೊಡಗಿದವು. ವ್ಯತ್ಯಾಸವೆಂದರೆ, ಮೀನಿನೊಂದಿಗೆ ಏನು ಬರುತ್ತದೆ ಎಂದು ತಪಾಸಣೆ ಮಾಡುವ ಠಾಣೆ ಯಾವ ಬಂದರಿನಲ್ಲೂ ಇರಲಿಲ್ಲ.

ಈ ಕಟ್ಟಡ ನನ್ನ ಕಣ್ಣಿಗೆ ಬಿದ್ದದ್ದು ಮೀನಿನ ದಾರಿಯಿಂದಲ್ಲ, ಪ್ಲೇಗಿನ ದಾರಿಯಿಂದ. ನನ್ನ ಪಿಎಚ್‌.ಡಿ. ಸಂಶೋಧನೆ ಮೈಸೂರು ಸಂಸ್ಥಾನದಲ್ಲಿ 1898ರಿಂದ ಆಚೆಗೆ ಪ್ಲೇಗ್ ಬಂದಾಗ ಜನರನ್ನು ಬೇರ್ಪಡಿಸಿ ಇಡುತ್ತಿದ್ದ ವ್ಯವಸ್ಥೆಯ ಬಗ್ಗೆ. ಕ್ವಾರಂಟೈನ್ ಎಂಬ ಪದದ ಬೆನ್ನು ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಆಡ್ರಿಯಾಟಿಕ್ ಕರಾವಳಿಯ ರಗೂಸಾ ಪಟ್ಟಣವನ್ನು ತಲುಪುತ್ತಾರೆ. ಪ್ಲೇಗ್ ಇರುವ ಊರುಗಳಿಂದ ಬಂದವರು ಮೂವತ್ತು ದಿನ ಹೊರಗೇ ಇರಬೇಕು ಎಂದು ಅಲ್ಲಿನ ಆಡಳಿತ 1377ರಲ್ಲಿ ಆಜ್ಞೆ ಹೊರಡಿಸಿತು. ಮುಂದೆ ಮೂವತ್ತು ನಲವತ್ತಾಯಿತು. ಇಟಾಲಿಯನ್ನರ ನಲವತ್ತರಿಂದಲೇ ಈ ಪದ ಹುಟ್ಟಿತು. ನಲವತ್ತೇ ಯಾಕೆ? ಕ್ರೈಸ್ತರಿಗೆ ಅದು ಉಪವಾಸದ, ಶುದ್ಧಿಯ ಸಂಖ್ಯೆ. ನಮ್ಮ ಕಡೆ ವ್ರತಕ್ಕೆ ನಲವತ್ತೆಂಟು ದಿನದ ಮಂಡಲ ಇದ್ದ ಹಾಗೆ. ರೋಗ ಮೈಯೊಳಗೆ ಎಷ್ಟು ದಿನ ಅಡಗಿರುತ್ತದೆ ಎಂದು ಲೆಕ್ಕ ಹಾಕಿ ಬಂದ ಸಂಖ್ಯೆ ಅದಾಗಿರಲಿಲ್ಲ, ಆಗಿರಲು ಸಾಧ್ಯವೂ ಇರಲಿಲ್ಲ.

ಬಿಡುವಿನಲ್ಲಿ ನಾನು ಮೀನು ಸಾಕುತ್ತೇನೆ. ಎರಡಡಿ ಉದ್ದದ ತೊಟ್ಟಿಯೊಂದು, ಹೊಸ ಮೀನುಗಳನ್ನು ಕೆಲವು ವಾರ ಬೇರೆ ಇಡುವುದಕ್ಕೆ ಇನ್ನೊಂದು ಚಿಕ್ಕದು. ಈ ಎರಡನೆಯ ತೊಟ್ಟಿಗೂ ಒಂದು ಇತಿಹಾಸವಿದೆ ಎಂದು ಗೊತ್ತಾದದ್ದು ತಡವಾಗಿ. ಮೀನುಸಾಕಣೆಯ ಪುಸ್ತಕಗಳಲ್ಲಿ ಔಷಧಿಗಳಿಗೆ ದೊಡ್ಡ ಅಧ್ಯಾಯ, ಈ ತೊಟ್ಟಿಗೆ ಅರ್ಧ ಪುಟ. ನನ್ನ ಅಭಿಪ್ರಾಯದಲ್ಲಿ ಇದು ತಿರುಗುಮುರುಗಾಗಬೇಕಿತ್ತು.

ಮನೆಯೊಳಗಿನ ಅಕ್ವೇರಿಯಂ ಎಂಬುದು ಹತ್ತೊಂಬತ್ತನೆಯ ಶತಮಾನದ ನಡುವಿನ ಲಂಡನ್ನಿನ ಕನಸು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ತನ್ನ ಪ್ರಯೋಗವನ್ನು ಪ್ರಕಟಿಸಿದ. ಒಂದು ಪಾತ್ರೆಯಲ್ಲಿ ನೀರು, ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲು. ಗಿಡದ ಕೊಳೆತ ಎಲೆ ನೀರು ಕೆಡಿಸುತ್ತದೆಂದು ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ. ನೀರು ಬದಲಾಯಿಸದೆಯೇ ಎಲ್ಲವೂ ನಡೆಯಿತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂತು, ಮಧ್ಯಮವರ್ಗದ ಮನೆಗಳಿಗೆ ತೊಟ್ಟಿಗಳು ನುಗ್ಗಿದವು. ಎಲ್ಲರ ಬಾಯಲ್ಲೂ ಒಂದೇ ಮಾತು: ಸಮತೋಲನ. ತೊಟ್ಟಿ ಒಂದು ಪುಟ್ಟ ಪ್ರಪಂಚ, ಸರಿಯಾಗಿ ಜೋಡಿಸಿದರೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಈ ಕಲ್ಪನೆ ಚೆಂದ. ಆದರೆ ಅದರಲ್ಲಿ ರೋಗಕ್ಕೆ ಜಾಗವಿರಲಿಲ್ಲ. ಮೀನು ಸತ್ತರೆ ಸಮತೋಲನ ತಪ್ಪಿದೆ ಎಂದೇ ಅರ್ಥ. ನೀರು ಕೆಟ್ಟಿದೆ, ಗಿಡ ಸಾಲದು, ಬೆಳಕು ಹೆಚ್ಚಾಗಿದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅದೇ ತೊಂದರೆ. ನೀರು ಕೆಟ್ಟೂ ಮೀನು ಸಾಯುತ್ತದೆ. ಆದರೆ ನಿನ್ನೆ ತಂದ ಮೀನಿನ ಮೈಮೇಲೆ ಕೂತು ಬಂದದ್ದರಿಂದಲೂ ಸಾಯುತ್ತದೆ ಎಂಬುದು ಹೊಳೆಯಬೇಕಾದರೆ ತೊಟ್ಟಿಯನ್ನು ಮುಚ್ಚಿದ ಪ್ರಪಂಚ ಎಂದು ನೋಡುವುದನ್ನು ಬಿಡಬೇಕಿತ್ತು. ಮನುಷ್ಯರ ಕಾಯಿಲೆಯಲ್ಲೂ ಅದೇ ಕಾಲಕ್ಕೆ ಇದೇ ಜಗಳ ನಡೆದಿತ್ತು: ಕಾಲರಾ ಕೆಟ್ಟ ಗಾಳಿಯಿಂದಲೋ, ಹೊರಗಿನಿಂದ ಬಂದ ಯಾವುದೋ ವಸ್ತುವಿನಿಂದಲೋ ಎಂದು.

ಹೊರಗಿನಿಂದ ಬಂದದ್ದು ಮೊದಲು ಸರಿಯಾಗಿ ಕಣ್ಣಿಗೆ ಬಿದ್ದದ್ದು ಹ್ಯಾಂಬರ್ಗಿನಲ್ಲಿ. ಅಲ್ಲಿನ ಮೃಗಾಲಯದ ಅಕ್ವೇರಿಯಂ ನೋಡಿಕೊಳ್ಳುತ್ತಿದ್ದ ಫ್ರಾಂಟ್ಸ್ ಹಿಲ್ಗೆಂಡಾರ್ಫ್, ಪೌಲಿಕಿ ಎಂಬ ಜೊತೆಗಾರನೊಡನೆ 1869ರಲ್ಲಿ ಒಂದು ವರದಿ ಬರೆದ. ಸಿಹಿನೀರಿನ ಮೀನುಗಳ ಚರ್ಮದಲ್ಲಿ ಸೂಕ್ಷ್ಮಜೀವಿಯೊಂದು ಪರಾವಲಂಬಿಯಾಗಿ ಬದುಕುತ್ತಿದೆ ಎಂಬುದು ಅದರ ಸಾರ. (ಈ ಹಿಲ್ಗೆಂಡಾರ್ಫ್ ಸಾಮಾನ್ಯನಲ್ಲ. ಸ್ಟೈನ್‌ಹೈಮ್ ಎಂಬಲ್ಲಿನ ಪಳೆಯುಳಿಕೆ ಬಸವನಹುಳುಗಳನ್ನು ಪದರಪದರವಾಗಿ ಜೋಡಿಸಿ ಡಾರ್ವಿನ್ನನ ವಾದಕ್ಕೆ ಬಲ ಕೊಟ್ಟವನು. ಆಮೇಲೆ ಟೋಕಿಯೋದಲ್ಲಿ ಪಾಠ ಹೇಳಿದವನು.) 1876ರಲ್ಲಿ ಫೂಕೆ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಆ ಜೀವಿಗೆ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂದು ಹೆಸರಿಟ್ಟ. ಕನ್ನಡಕ್ಕೆ ತಂದರೆ 'ಬಹುಸಂತಾನದ ಮೀನುಹೇನು'. ಮೀನು ಸಾಕುವವರು ಇಂದಿಗೂ ಚುಟುಕಾಗಿ 'ಇಕ್' ಎನ್ನುತ್ತಾರೆ. ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಕಾಣುವ ಬಿಳಿ ಚುಕ್ಕೆ ರೋಗ ಇದರದೇ.

1893ರ ಷಿಕಾಗೋ ವಿಶ್ವಮೇಳ ನಮಗೆಲ್ಲ ಗೊತ್ತಿರುವುದು ಅದಕ್ಕೆ ಹೊಂದಿಕೊಂಡು ನಡೆದ ಸರ್ವಧರ್ಮ ಸಮ್ಮೇಳನದಿಂದ, ವಿವೇಕಾನಂದರ ಭಾಷಣದಿಂದ. ಅದೇ ಮೇಳದಲ್ಲಿ ಮೀನುಗಾರಿಕೆಯ ಭವ್ಯ ಪ್ರದರ್ಶನವಿತ್ತು, ದೊಡ್ಡ ಅಕ್ವೇರಿಯಂ ಇತ್ತು. ಆ ತೊಟ್ಟಿಗಳಲ್ಲೂ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ಪರಾವಲಂಬಿಗಳ ತಜ್ಞ ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ ಅದನ್ನು ಅಧ್ಯಯನ ಮಾಡಿ ಅಮೆರಿಕದ ಮೀನುಗಾರಿಕಾ ಆಯೋಗಕ್ಕೆ ವರದಿ ಕೊಟ್ಟ. ಕೊಕ್ಕೆಹುಳುವಿನ ವಿರುದ್ಧ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ದೊಡ್ಡ ಆಂದೋಲನ ನಡೆದಾಗ ಮುಂದೆ ನಿಂತವನೂ ಇವನೇ. ಮ್ಯೂನಿಕ್‌ನಲ್ಲಿ ಬ್ರೂನೋ ಹೋಫರ್ 1904ರಲ್ಲಿ ಮೀನಿನ ರೋಗಗಳ ಕೈಪಿಡಿಯೊಂದನ್ನು ಪ್ರಕಟಿಸುವ ಹೊತ್ತಿಗೆ ಇದೊಂದು ಶಾಸ್ತ್ರವೇ ಆಗಿತ್ತು. ಹ್ಯಾಂಬರ್ಗಿನ ಮೃಗಾಲಯ, ಷಿಕಾಗೋ ಮೇಳ, ಮುಂದೆ ನ್ಯೂಯಾರ್ಕ್, ಲಂಡನ್: ಈ ರೋಗಗಳ ಚರಿತ್ರೆ ನದಿಯ ದಡದಲ್ಲಿ ಬರೆದದ್ದಕ್ಕಿಂತ ಪ್ರದರ್ಶನದ ಗಾಜಿನ ಮುಂದೆ ಬರೆದದ್ದೇ ಹೆಚ್ಚು. ಎಲ್ಲೆಲ್ಲಿಂದಲೋ ತಂದ ಮೀನುಗಳನ್ನು ಒಂದೇ ನೀರಿಗೆ ಬಿಡುವ ಜಾಗಗಳು ಅವು. ಪಂಢರಪುರದ ಯಾತ್ರೆಯಲ್ಲೋ ಕುಂಭಮೇಳದಲ್ಲೋ ಕಾಲರಾ ಹುಡುಕುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ತಮ್ಮದೇ ಮೇಳಗಳ ತೊಟ್ಟಿಗಳನ್ನು ನೋಡಿದ್ದರೆ ಸ್ವಲ್ಪ ವಿನಯ ಕಲಿಯುತ್ತಿದ್ದರೇನೋ.

ಬಿಳಿ ಚುಕ್ಕೆಯ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಮೇಲಿಲ್ಲ, ಒಳಗಿದೆ. ಚರ್ಮದ ಮೇಲ್ಪದರದ ಕೆಳಗೆ ಕೂತು, ಗರಗರ ತಿರುಗುತ್ತ, ಮೀನಿನ ಜೀವಕೋಶಗಳನ್ನು ತಿನ್ನುತ್ತ ಬೆಳೆಯುವ ಒಂದೇ ಒಂದು ಕೋಶದ ಜೀವಿ ಅದು. ನೀರು 25 ಡಿಗ್ರಿ ಇದ್ದರೆ ಒಂದು ವಾರದೊಳಗೆ ಬಲಿಯುತ್ತದೆ. ಬಲಿತ ಮೇಲೆ ಚರ್ಮ ಒಡೆದು ಹೊರಬಂದು, ಕೆಳಗಿಳಿದು, ಕಲ್ಲಿಗೋ ಎಲೆಗೋ ಅಂಟಿಕೊಂಡು ತನ್ನ ಸುತ್ತ ಲೋಳೆಯ ಗೋಡೆ ಕಟ್ಟಿಕೊಳ್ಳುತ್ತದೆ. ಒಂದು ದಿನದ ಆಸುಪಾಸಿನಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗುತ್ತದೆ. ಅವು ಗೋಡೆ ಒಡೆದು ಹೊರಗೆ ಈಜುತ್ತವೆ. ಅವಕ್ಕೆ ಹೆಚ್ಚು ಸಮಯವಿಲ್ಲ. ಒಂದೆರಡು ದಿನದಲ್ಲಿ ಮೀನೊಂದು ಸಿಗಬೇಕು, ಇಲ್ಲದಿದ್ದರೆ ಸಾಯುತ್ತವೆ. ನೀರು ತಣ್ಣಗಾದಷ್ಟೂ ಈ ಚಕ್ರ ನಿಧಾನ. 10 ಡಿಗ್ರಿಯಲ್ಲಿ ಒಂದು ಸುತ್ತಿಗೆ ತಿಂಗಳಿಗೂ ಹೆಚ್ಚು ಬೇಕು.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಮೀನಿನ ಚರ್ಮದೊಳಗಿರುವಾಗ ನೀರಿಗೆ ಹಾಕುವ ಸಾಮಾನ್ಯ ಔಷಧಿ ಅದಕ್ಕೆ ತಟ್ಟುವುದಿಲ್ಲ, ಲೋಳೆಯ ಗೋಡೆಯೊಳಗಿರುವಾಗಲೂ ಅಷ್ಟೇ. ಹೊರಗೆ ಈಜುವ ಆ ಒಂದೆರಡು ದಿನ ಮಾತ್ರ ಅದು ಕೈಗೆ ಸಿಗುವ ಹೊತ್ತು. ಎರಡನೆಯದು, ಮೀನಿನ ಮೈಮೇಲಿನ ಚುಕ್ಕೆಗಳು ಮಾಯವಾಗುವ ದಿನವೇ ರೋಗ ಹೋಗುವ ದಿನ ಅಲ್ಲ. ಆ ದಿನ ಅವು ಉದುರಿ ಕೆಳಗೆ ಹೆರಿಗೆಗೆ ಕೂತಿರುತ್ತವೆ. ಹಾಗಾಗಿ ಸೋಮವಾರ ಔಷಧಿ ಹಾಕಿ, ಗುರುವಾರ ಚುಕ್ಕೆ ಕಾಣದೆ, 'ವಾಸಿಯಾಯಿತು' ಎಂದು ನಿಲ್ಲಿಸಿದವನ ತೊಟ್ಟಿಯಲ್ಲಿ ಮುಂದಿನ ವಾರ ಹತ್ತು ಪಟ್ಟು ಚುಕ್ಕೆ ಬರುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಎಂದು ಅವನು ಇನ್ನೊಂದು ಬಾಟಲಿ ತರುತ್ತಾನೆ.

ಆ ಬಾಟಲಿಗಳ ಕಥೆಯೂ ಸಣ್ಣದಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನೀಲಿ ಔಷಧಿ ಮೆಥಿಲೀನ್ ಬ್ಲೂ. ಅದನ್ನು ಹೈನ್ರಿಕ್ ಕಾರೋ 1876ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ ತಯಾರಿಸಿದ್ದು ಬಟ್ಟೆಗೆ ಬಣ್ಣ ಹಾಕಲು. ಬಣ್ಣಗಳು ಕೆಲವು ಕೋಶಗಳಿಗೆ ಮಾತ್ರ ಹಿಡಿಯುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಪೌಲ್ ಎರ್ಲಿಕ್, ರೋಗಾಣುವಿಗೆ ಮಾತ್ರ ಹಿಡಿಯುವ ಬಣ್ಣ ರೋಗಾಣುವನ್ನು ಮಾತ್ರ ಕೊಲ್ಲಬಹುದಲ್ಲ ಎಂದು ಯೋಚಿಸಿದ. 1891ರಲ್ಲಿ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಮೆಥಿಲೀನ್ ಬ್ಲೂ ಕೊಟ್ಟು ನೋಡಿದ. ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕವೊಂದು ಮಲೇರಿಯಾಕ್ಕೆ ಮದ್ದಾದದ್ದು ಅದೇ ಮೊದಲು. ಹಸಿರು ಬಣ್ಣದ ಮಲಕೈಟ್ ಗ್ರೀನ್ ಕೂಡ ಅದೇ ಕಾಲದ ಜರ್ಮನ್ ಬಣ್ಣ; 1936ರಲ್ಲಿ ಫಾಸ್ಟರ್ ಮತ್ತು ವುಡ್‌ಬರಿ ಅದನ್ನು ಮೀನಿನ ಬೂಷ್ಟು ರೋಗಕ್ಕೆ ಬಳಸಬಹುದೆಂದು ಬರೆದರು. ಅದನ್ನು ಫಾರ್ಮಲಿನ್ ಜೊತೆ ಬೆರೆಸಿದರೆ ಬಿಳಿ ಚುಕ್ಕೆಗೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು 1972ರ ಹೊತ್ತಿಗೆ ಖಚಿತವಾಯಿತು. ತಿನ್ನುವ ಮೀನಿನಲ್ಲಿ ಅದರ ಶೇಷ ಉಳಿಯುತ್ತದೆ, ಆರೋಗ್ಯಕ್ಕೆ ಅಪಾಯ ಎಂದು ಯುರೋಪ್, ಅಮೆರಿಕಗಳಲ್ಲಿ ಈಗ ಆಹಾರದ ಮೀನಿಗೆ ಅದನ್ನು ಹಾಕುವಂತಿಲ್ಲ. ಅಲಂಕಾರಿಕ ಮೀನಿನ ಬಾಟಲಿಗಳಲ್ಲಿ ಅದು ಮುಂದುವರಿದಿದೆ.

ಬಣ್ಣದ ಔಷಧಿಗೆ ಒಂದು ನಾಟಕೀಯ ಗುಣವಿದೆ. ನಾಲ್ಕು ಹನಿ ಬಿದ್ದ ಕೂಡಲೇ ನೀರೆಲ್ಲ ನೀಲಿ. ಏನೋ ನಡೆಯುತ್ತಿದೆ ಎಂದು ಕಣ್ಣಿಗೆ ಸಮಾಧಾನ. ಆದರೆ ಅದೇ ನೀಲಿ ಫಿಲ್ಟರಿನಲ್ಲಿ ಬದುಕಿರುವ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ತಿಂದು ನೀರು ಕಾಯುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಗಿಡಗಳನ್ನೂ ಹಾಳುಮಾಡುತ್ತದೆ. ರೋಗದಿಂದ ಉಳಿದ ಮೀನು ಅಮೋನಿಯಾದಿಂದ ಸಾಯುವುದುಂಟು. ಚಿಕಿತ್ಸೆಗೆ ಬೇರೆಯೇ ತೊಟ್ಟಿ ಬೇಕು ಎಂಬ ಮಾತು ಹೀಗೆ ಮದ್ದಿನ ಕಡೆಯಿಂದಲೇ ಹುಟ್ಟಿತು.

ಸಮುದ್ರದ ಮೀನುಗಳ ವಿಷಯದಲ್ಲಿ ಅದು ಇನ್ನೂ ಸ್ಪಷ್ಟವಾಯಿತು. 1924ರಲ್ಲಿ ಲಂಡನ್ ಮೃಗಾಲಯದ ಹೊಸ ಅಕ್ವೇರಿಯಂ ತೆರೆದ ಮೇಲೆ ಉಷ್ಣವಲಯದ ಮೀನುಗಳು ಅಲ್ಲಿಗೆ ಬರತೊಡಗಿದವು. ಅವುಗಳ ಕಿವಿರುಗಳಲ್ಲಿ ಕಂಡ ಹೊಸ ಪರಾವಲಂಬಿಯೊಂದನ್ನು ಇ. ಎಂ. ಬ್ರೌನ್ 1931ರಲ್ಲಿ ವರ್ಣಿಸಿದರು. ಮೊದಲು ಹೇಳಿದ ನ್ಯೂಯಾರ್ಕಿನ ಆ ದುಂಡು ಕೋಟೆಯ ಅಕ್ವೇರಿಯಂನಲ್ಲೂ ಅದೇ ಜೀವಿ. ಅಲ್ಲಿನ ರೋಗತಜ್ಞ ರಾಸ್ ನಿಗ್ರೆಲ್ಲಿ ಅದರ ಇಡೀ ಜೀವನಚಕ್ರವನ್ನು 1936ರಲ್ಲಿ ಬಿಡಿಸಿಟ್ಟ. ಬಿಳಿ ಚುಕ್ಕೆಯ ಹಾಗೆಯೇ ಇದೂ: ಮೀನಿನ ಮೇಲೆ ಸ್ವಲ್ಪ ಕಾಲ, ನೆಲದಲ್ಲಿ ಸ್ವಲ್ಪ ಕಾಲ, ಈಜುತ್ತ ಸ್ವಲ್ಪ ಕಾಲ. ಸ್ಯಾನ್‌ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ರಾಬರ್ಟ್ ಡೆಂಪ್‌ಸ್ಟರ್ 1955ರಲ್ಲಿ ಇದಕ್ಕೆ ತಾಮ್ರದ ಸಲ್ಫೇಟ್ ಮದ್ದು ಎಂದು ಪ್ರಕಟಿಸಿದ. ನಮ್ಮ ದ್ರಾಕ್ಷಿ ತೋಟ, ಅಡಿಕೆ ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೇ ಅದು. ಆದರೆ ತಾಮ್ರ ಸೀಗಡಿ, ಹವಳ, ಬಸವನಹುಳುಗಳಿಗೆ ವಿಷ. ಸುಣ್ಣದಂಶದ ಮರಳು, ಹವಳಗಲ್ಲು ಅದನ್ನು ಹೀರಿಕೊಳ್ಳುತ್ತವೆ. ಎಷ್ಟು ಹಾಕಿದೆವು, ನೀರಿನಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕವೇ ತಪ್ಪುತ್ತದೆ. ಕಡಿಮೆಯಾದರೆ ಪರಾವಲಂಬಿ ಉಳಿಯುತ್ತದೆ, ಸ್ವಲ್ಪ ಹೆಚ್ಚಾದರೆ ಮೀನು ಸಾಯುತ್ತದೆ. ಆದ್ದರಿಂದ ಮರಳಿಲ್ಲದ, ಕಲ್ಲಿಲ್ಲದ, ಬರಿ ಗಾಜಿನ ತೊಟ್ಟಿಯಲ್ಲಿ ಪ್ರತಿದಿನ ಅಳೆದು ಕೊಡಬೇಕು. ಕಾಯಿಲೆಯ ತೊಟ್ಟಿ ಬೋಳಾಗಿರುವುದು ಜಿಪುಣತನದಿಂದಲ್ಲ.

ಸರಿ, ಮೀನುಗಳನ್ನೆಲ್ಲ ಬರಿ ತೊಟ್ಟಿಗೆ ಸಾಗಿಸಿ ಮದ್ದು ಕೊಟ್ಟೆವು. ಮೂಲ ತೊಟ್ಟಿಯ ಕಥೆ? ಸಮುದ್ರದ ಬಿಳಿ ಚುಕ್ಕೆಗೆ ಕಾರಣವಾದ ಕ್ರಿಪ್ಟೋಕಾರಿಯಾನ್ ಎಂಬ ಜೀವಿಯ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಗೊತ್ತಾಯಿತು. ನೆಲಕ್ಕಂಟಿದ ಗೂಡುಗಳು ಎಲ್ಲವೂ ಒಟ್ಟಿಗೆ ಒಡೆಯುವುದಿಲ್ಲ. ಕೆಲವು ಮೂರನೆಯ ದಿನಕ್ಕೆ ಒಡೆದರೆ, ಕೆಲವು 72ನೆಯ ದಿನದವರೆಗೂ ಸುಮ್ಮನೆ ಕೂತಿರುತ್ತವೆ. ಹಾಗಾಗಿ ಅನುಭವಸ್ಥರು ಹವಳದ ತೊಟ್ಟಿಯನ್ನು ಒಂದೂ ಮೀನಿಲ್ಲದೆ ಎರಡೂವರೆ ತಿಂಗಳು ಬಿಡುತ್ತಾರೆ. ನೀರು ಓಡುತ್ತದೆ, ದೀಪ ಉರಿಯುತ್ತದೆ, ಮೀನಿಲ್ಲ. ಗೂಡೊಡೆದು ಬಂದ ಮರಿಗಳಿಗೆ ಹಿಡಿಯಲು ಯಾರೂ ಇಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಇದು ಗೊತ್ತಿರುವ ವಿಷಯ ಅನ್ನಿಸಿತು. ಪ್ಲೇಗ್ ಕಾಲದ ನಮ್ಮ ಹಳ್ಳಿಗಳು ಮಾಡಿದ್ದು ಇದನ್ನೇ. 'ಇಲಿ ಬಿತ್ತು' ಎಂದರೆ ಊರು ಬಿಡುವುದು. ಮನೆಗೆ ಬೀಗ ಜಡಿದು, ದವಸ ದನಕರು ಹೊಡೆದುಕೊಂಡು ಹೊಲಕ್ಕೆ ಹೋಗಿ, ಗುಡಿಸಲು ಹಾಕಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಇರುವುದು. ನಿಮ್ಮ ಮನೆಯ ಹಿರಿಯರಿಂದಲೂ ಇಂಥ ಕಥೆ ಕೇಳಿರುತ್ತೀರಿ. ಗುಡಿಸಲಲ್ಲಿ ಹುಟ್ಟಿದವರು, ಗುಡಿಸಲಲ್ಲೇ ಮದುವೆಯಾದವರು ಬಹಳ ಮನೆತನಗಳಲ್ಲಿದ್ದಾರೆ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಅದನ್ನು ಇಲಿಯ ಚಿಗಟ ಹರಡುತ್ತದೆ ಎಂದು ಸಿಮಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಸುಮಾರು ಹತ್ತು ವರ್ಷ ಹಿಡಿಯಿತು. ಊರು ಬಿಟ್ಟವರಿಗೆ ಚಿಗಟದ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಕಾಯಿಲೆ ಮನುಷ್ಯನಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಇದೆ ಎಂಬುದು ಗೊತ್ತಿತ್ತು. ಖಾಲಿ ಮನೆಯಲ್ಲಿ ಇಲಿ ಸತ್ತ ಮೇಲೆ ಚಿಗಟಕ್ಕೆ ರಕ್ತ ಸಿಗುವುದಿಲ್ಲ.

ಬಂದರಿನ ಕ್ವಾರಂಟೈನ್ ಹೊಸಬನನ್ನು ಅನುಮಾನಿಸುತ್ತದೆ. ಊರು ಬಿಡುವ ಪದ್ಧತಿ ಅನುಮಾನಿಸುವುದು ಜಾಗವನ್ನು. ಎರಡರ ನಡುವಿನ ವ್ಯತ್ಯಾಸ ನನ್ನ ಪ್ರಬಂಧದ ನಡುವೆಯೇ ಇರುವ ಪ್ರಶ್ನೆ. ಸರ್ಕಾರದ ಪ್ರತ್ಯೇಕವಾಸದ ಶಿಬಿರಗಳನ್ನು ಜನ ಕಂಡರಾಗದಂತೆ ದ್ವೇಷಿಸಿದರು. ಗುಡಿಸಲಿಗೆ ತಾವಾಗಿಯೇ ನಡೆದರು. ಶಿಬಿರಕ್ಕೆ ಒಬ್ಬನನ್ನು ಎಳೆದೊಯ್ಯುತ್ತಿದ್ದರು, ಗುಡಿಸಲಿಗೆ ಮನೆಮಂದಿಯೆಲ್ಲ ಒಲೆ ಸಮೇತ ಹೋಗುತ್ತಿದ್ದರು. ಇದನ್ನು ಜನರ ಅಜ್ಞಾನ ಎಂದು ಬರೆದ ಅಧಿಕಾರಿಗಳ ಮಾತನ್ನು ಇಂದಿನ ಕೆಲವು ಇತಿಹಾಸಕಾರರೂ ಹಾಗೆಯೇ ಎತ್ತಿಕೊಳ್ಳುವುದು ನನಗೆ ಸರಿಯಾಗಿ ಕಾಣುವುದಿಲ್ಲ. ಆ ಭಯದಲ್ಲಿ ಒಂದು ತಿಳಿವಳಿಕೆಯೂ ಇತ್ತು.

ಮೀನಿನ ತೊಟ್ಟಿಗೆ ಎರಡೂ ಬೇಕು. ಮತ್ತು ಹೊಸ ಮೀನನ್ನು ಬೇರೆ ಇಡುವುದು ಬರೀ ಹಳೆಯ ಮೀನುಗಳ ರಕ್ಷಣೆಗಲ್ಲ. ಅದು ಯಾವುದೋ ಫಾರ್ಮಿನಿಂದ ಚೀಲದಲ್ಲಿ ಕೂತು, ಚೆನ್ನೈನ ಕೊಳತ್ತೂರಿನಂಥ ಸಗಟು ಮಾರುಕಟ್ಟೆ ದಾಟಿ, ಬೆಂಗಳೂರಿನ ಅಂಗಡಿಗೆ ಬಂದು, ಅಲ್ಲಿಂದ ಮತ್ತೊಂದು ಚೀಲದಲ್ಲಿ ನಮ್ಮ ಮನೆಗೆ ಬಂದಿರುತ್ತದೆ. ಮುಚ್ಚಿದ ಚೀಲದಲ್ಲಿ ಅಮೋನಿಯಾ ಏರುತ್ತದೆ. ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲೀಯವಾಗಿಡುವುದರಿಂದ ಆ ಅಮೋನಿಯಾ ಅಷ್ಟಾಗಿ ಬಾಧಿಸುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಅನಿಲ ಹಾರಿಹೋಗಿ ನೀರಿನ ಆಮ್ಲೀಯತೆ ಇಳಿಯುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ದೂರದಿಂದ ಬಂದ ಮೀನನ್ನು ಬಿಚ್ಚಿದ ಚೀಲದಲ್ಲಿಯೇ ಗಂಟೆಗಟ್ಟಲೆ 'ಹೊಂದಿಸುವುದು' ಉಪಕಾರವಲ್ಲ. ಇಷ್ಟೆಲ್ಲ ಅನುಭವಿಸಿ ಬಂದದ್ದಕ್ಕೆ ಕಚ್ಚುವ ಹಳೆಯ ಮೀನುಗಳಿಲ್ಲದ, ಶಾಂತವಾದ, ನಾವು ಹತ್ತಿರದಿಂದ ನೋಡಬಹುದಾದ ಜಾಗ ಬೇಕು. ಶಿಬಿರಕ್ಕಿಂತ ಬಾಣಂತಿ ಕೋಣೆಗೆ ಹತ್ತಿರದ್ದು.

ತೊಟ್ಟಿ ದೊಡ್ಡದಿರಬೇಕಿಲ್ಲ, ಸಣ್ಣ ಮೀನುಗಳಿಗೆ ನಲವತ್ತು ಲೀಟರ್ ಸಾಕು. ತಳ ಬೋಳು. ಅಡಗಲು ಒಂದು ಪಿವಿಸಿ ಪೈಪಿನ ತುಂಡು, ಇಲ್ಲದಿದ್ದರೆ ಮೀನು ಹೆದರಿಕೊಂಡೇ ಸೊರಗುತ್ತದೆ. ಸ್ಪಾಂಜ್ ಫಿಲ್ಟರನ್ನು ಮೊದಲೇ ಕೆಲವು ವಾರ ದೊಡ್ಡ ತೊಟ್ಟಿಯ ಮೂಲೆಯಲ್ಲಿ ಓಡಿಸಿ ಬ್ಯಾಕ್ಟೀರಿಯಾ ಕೂರಿಸಿಟ್ಟಿರಬೇಕು. ಹೊಸ ಸ್ಪಾಂಜ್ ಹಾಕಿದರೆ ರೋಗಕ್ಕೆ ಮುಂಚೆ ಅಮೋನಿಯಾ ಕೊಲ್ಲುತ್ತದೆ. ಬಲೆ, ಪೈಪು, ಬಕೆಟ್ಟು ಎಲ್ಲ ಬೇರೆ. ಒಂದು ಹನಿ ನೀರು ಸಾಕು ಇಷ್ಟೂ ದಿನದ ಶ್ರಮ ಕೆಡಿಸಲು. ಮೊದಲು ಆರೋಗ್ಯದ ತೊಟ್ಟಿಯ ಕೆಲಸ, ಆಮೇಲೆ ಇದರದ್ದು, ತಿರುಗಾಮುರುಗ ಮಾಡುವಂತಿಲ್ಲ. ದಿನವೂ ಎರಡು ನಿಮಿಷ ಸುಮ್ಮನೆ ನೋಡಬೇಕು: ರೆಕ್ಕೆ ಮುಚ್ಚಿದೆಯೇ, ಪೈಪಿಗೆ ಮೈ ಉಜ್ಜುತ್ತಿದೆಯೇ, ಕಿವಿರು ಜೋರಾಗಿ ಬಡಿಯುತ್ತಿದೆಯೇ, ಉಣ್ಣುತ್ತಿದೆಯೇ. ಏನೂ ಕಾಣದಿದ್ದರೆ ಮದ್ದೂ ಬೇಡ. 'ಇರಲಿ, ಮುನ್ನೆಚ್ಚರಿಕೆಗೆ' ಎಂದು ಎಲ್ಲ ಬಾಟಲಿಗಳಿಂದ ನಾಲ್ಕು ನಾಲ್ಕು ಹನಿ ಹಾಕುವವರನ್ನು ಕಂಡಿದ್ದೇನೆ. ನಿಶ್ಶಕ್ತ ಮೀನಿಗೆ ಅದು ಇನ್ನೊಂದು ಪೆಟ್ಟು.

ದಿನಗಳ ಲೆಕ್ಕಕ್ಕೆ ಬಂದರೆ, ನಾಲ್ಕು ವಾರ ಎಂಬ ರೂಢಿ ರಗೂಸಾದ ಮೂವತ್ತು ದಿನಕ್ಕೆ ಹತ್ತಿರವಿರುವುದು ಕಾಕತಾಳೀಯ. ಇದು 25-26 ಡಿಗ್ರಿಯಲ್ಲಿ ಬಿಳಿ ಚುಕ್ಕೆ ಮೂರು ನಾಲ್ಕು ಸುತ್ತು ತಿರುಗುವ ಸಮಯ. ಕಿವಿರಿನಲ್ಲಿ ಅಡಗಿದ್ದ ಒಂದೆರಡು ಇದ್ದರೂ ಅಷ್ಟರಲ್ಲಿ ನೂರಾಗಿ ಕಣ್ಣಿಗೆ ಬೀಳಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಹೀಟರ್ ಇಲ್ಲದ ತೊಟ್ಟಿ 20 ಡಿಗ್ರಿಯ ಹತ್ತಿರ ಇಳಿಯುತ್ತದೆ. ಚಕ್ರ ನಿಧಾನವಾಗುತ್ತದೆ, ಅದೇ ನಾಲ್ಕು ವಾರ ಸಾಲದಾಗುತ್ತದೆ. ಕ್ಯಾಲೆಂಡರ್ ನೋಡುವ ಮುನ್ನ ಥರ್ಮಾಮೀಟರ್ ನೋಡಬೇಕು.

ಉಷ್ಣತೆ ಎಷ್ಟು ಮುಖ್ಯ ಎಂಬುದಕ್ಕೆ ಕೋಯಿ ಮೀನುಗಳ ದುರಂತ ಸಾಕ್ಷಿ. 1998ರಲ್ಲಿ ಇಸ್ರೇಲಿನಲ್ಲೂ ಅಮೆರಿಕದ ಪೂರ್ವ ಭಾಗದಲ್ಲೂ ಕೋಯಿಗಳು ರಾಶಿರಾಶಿ ಸತ್ತವು. ಕಾರಣ ಅದುವರೆಗೆ ಗುರುತಿಸದ ಹರ್ಪಿಸ್ ವೈರಸ್. 2003ರಲ್ಲಿ ಜಪಾನಿನ ಕಾಸುಮಿಗೌರಾ ಸರೋವರದ ಸಾಕಣೆಯಲ್ಲಿ ಸಾವಿರ ಟನ್ನಿಗೂ ಹೆಚ್ಚು ಕಾರ್ಪ್ ಮೀನು ನಾಶವಾಯಿತು. ಈ ವೈರಸ್ ಕೊಲ್ಲುವುದು ನೀರು ಹದವಾಗಿ ಬೆಚ್ಚಗಿದ್ದಾಗ. ತೀರ ತಣ್ಣಗಿದ್ದರೆ ಅಥವಾ 30 ಡಿಗ್ರಿ ದಾಟಿದರೆ ಮೀನು ಆರೋಗ್ಯವಾಗಿಯೇ ಕಾಣುತ್ತದೆ. ಚಳಿಗಾಲದ ಕೊಳದಲ್ಲಿ ತಿಂಗಳು ಬೇರೆ ಇಟ್ಟು 'ಏನೂ ಆಗಲಿಲ್ಲ' ಎಂದು ಒಳಗೆ ಬಿಟ್ಟವರು ವಸಂತದಲ್ಲಿ ಎಲ್ಲವನ್ನೂ ಕಳೆದುಕೊಳ್ಳಬಹುದು. ಬದುಕಿ ಉಳಿದ ಮೀನು ವೈರಸ್ ಹೊತ್ತುಕೊಂಡೇ ಇರುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಡ್ವಾರ್ಫ್ ಗೌರಾಮಿಯ ಕಥೆ. ಕೆಂಪು ನೀಲಿ ಪಟ್ಟೆಯ, ಎರಡು ಅಂಗುಲದ ಈ ಮೀನು ಗಂಗಾ ಬ್ರಹ್ಮಪುತ್ರಾ ಬಯಲಿನದು, ಗದ್ದೆ ಕಾಲುವೆಗಳಲ್ಲಿ ಬದುಕುವಂಥದ್ದು. ಅಲಂಕಾರಿಕ ಮೀನಾಗಿ ಆಗ್ನೇಯ ಏಷ್ಯಾದ ಫಾರ್ಮುಗಳಲ್ಲಿ ಬೆಳೆದು ಜಗತ್ತೆಲ್ಲ ಮಾರಾಟವಾಗುತ್ತದೆ. 2003ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಒಂದು ಫಾರ್ಮಿನಲ್ಲಿ ಅಲ್ಲಿನದೇ ಆದ ಮರ್ರೆ ಕಾಡ್ ಮೀನಿನ ಮರಿಗಳು ಸಾಯತೊಡಗಿದವು. ಸತ್ತವುಗಳಲ್ಲಿ ಸಿಕ್ಕ ವೈರಸ್ಸನ್ನೂ ಗೌರಾಮಿಗಳಲ್ಲಿ ಕಂಡ ವೈರಸ್ಸನ್ನೂ ಹೋಲಿಸಿದ ವಿಜ್ಞಾನಿಗಳು 2006ರಲ್ಲಿ ಅವು ಹೆಚ್ಚುಕಡಿಮೆ ಒಂದೇ ಎಂದು ತೋರಿಸಿದರು. ಆಸ್ಟ್ರೇಲಿಯಾ ಮೀನಿನ ಪ್ರತ್ಯೇಕವಾಸವನ್ನು ಕಟ್ಟುನಿಟ್ಟಾಗಿ ನಡೆಸುವ ದೇಶ. ಬಂದ ಗೌರಾಮಿಗಳನ್ನು ಬೇರೆ ಇಟ್ಟು ನೋಡಿಯೇ ಒಳಗೆ ಬಿಡುತ್ತಿದ್ದರು. ನೋಡಿದಾಗ ಅವು ಚೆನ್ನಾಗಿಯೇ ಇದ್ದವು. ಕಣ್ಣಿಗೆ ಕಾಣದ ವೈರಸ್ಸಿಗೆ ದಿನ ಎಣಿಸಿದರೆ ಸಾಲದು ಎಂದು ಆಮೇಲೆ ಪ್ರಯೋಗಾಲಯದ ಪರೀಕ್ಷೆಗಳನ್ನು ತಂದರು.

ಮನೆಯಲ್ಲಿ ನಮಗೆ ಆ ಪರೀಕ್ಷೆ ಇಲ್ಲ. ನಾವು ಮಾಡಬಹುದಾದದ್ದು ರೋಗ ನಮ್ಮ ಗಾಜಿನಿಂದ ಆಚೆ ಹೋಗದಂತೆ ನೋಡಿಕೊಳ್ಳುವುದು. ಬೇಡವಾದ ಮೀನನ್ನು 'ಪಾಪ, ಬದುಕಿಕೊಳ್ಳಲಿ' ಎಂದು ಕೆರೆಗೆ ಬಿಡುವ ಅಭ್ಯಾಸ ಬೆಂಗಳೂರಿನಲ್ಲಿ ಧಾರಾಳವಾಗಿದೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನುಗಳು ನಮ್ಮ ಕೆರೆಗಳಲ್ಲಿ ಈಗ ಸಂಸಾರ ಹೂಡಿರುವುದು ಹಾಗೆಯೇ. ಕಾಯಿಲೆಯ ತೊಟ್ಟಿಯ ಮೀನನ್ನಾಗಲಿ ನೀರನ್ನಾಗಲಿ ಕೆರೆಗೆ, ರಾಜಕಾಲುವೆಗೆ ಸುರಿಯಬಾರದು. ನಾಲ್ಕು ವಾರ ಮುಗಿದ ಮೇಲೆ ತೊಟ್ಟಿ ಖಾಲಿಮಾಡಿ, ಬಲೆ, ಪೈಪು ಎಲ್ಲ ತೊಳೆದು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸುತ್ತೇನೆ. ಬಿಳಿ ಚುಕ್ಕೆ ಒಣಗುವುದನ್ನು ತಡೆಯಲಾರದು. ಮದ್ದು ಹಾಕದ ನೀರು ಬಾಲ್ಕನಿಯ ದಾಸವಾಳಕ್ಕೆ ಹೋಗುತ್ತದೆ. ಉಪ್ಪೋ ತಾಮ್ರವೋ ಬೆರೆತಿದ್ದರೆ ಅದಕ್ಕೂ ಇಲ್ಲ.